ಸವಾಲಿನ ಕ್ಯಾಸೆಟ್ಟಿಗೆ ಜವಾಬಿನ ಕ್ಯಾಸೆಟ್ಟು

ನಮ್ಮ ಅಣ್ಣ ಕ್ಯಾಸೆಟ್ಟು ಮುಟ್ಟುವ ಮೊದಲು ಬಲಗೈಯನ್ನು ಅಂಗಿಗೆ ಎರಡು ಸಲ ಒರೆಸಿಕೊಳ್ಳುತ್ತಿದ್ದ. ಒಮ್ಮೆ ಅಂಗೈ, ಒಮ್ಮೆ ಬೆರಳು. ಊಟಕ್ಕೆ ಕೂಡುವ ಮುಂದೆ ಕೈ ತೊಳಿ ಅಂತ ಅವ್ವ ಅವನಿಗೆ ಮೂರು ಸಲ ಹೇಳಬೇಕಾಗುತ್ತಿತ್ತು. ಕ್ಯಾಸೆಟ್ಟಿಗೆ ಯಾರೂ ಹೇಳಬೇಕಾಗಿರಲಿಲ್ಲ. ಒಂದಿನ ಅವ್ವ ಬೇಸತ್ತು, ನಾಳೆಯಿಂದ ರೊಟ್ಟಿಯನ್ನೂ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಮೇಲೆ ಇಂಗ್ಲಿಷಿನಲ್ಲಿ ಹೆಸರು ಬರೆದು ಕೊಡ್ತೀನಿ, ಆಗಲಾದರೂ ಕೈ ಸ್ವಚ್ಛ ಆದೀತು ಅಂದಳು.

ಇಂಥವು ನಮ್ಮ ಮನೆಯಲ್ಲಿ ನಡೆಯುತ್ತಲೇ ಇದ್ದವು. ನಡೆಯದೆ ಇನ್ನೇನು? ಬಸವಕಲ್ಯಾಣದಲ್ಲಿ, ಭಜನೆ ಮೇಳದ ಹಿರಿಯರೊಬ್ಬರ ಮನೆಯಲ್ಲಿ, ಅಮೇರಿಕದ ಹಿಪ್ ಹಾಪ್ ಆಲ್ಬಮ್ಮುಗಳನ್ನು ಒಂದೂ ಬಿಡದೆ ಕೂಡಿಸಿಡುತ್ತೇವೆ ಅಂತ ಹಟ ಹಿಡಿದು ಕೂತರೆ ದಿನಕ್ಕೊಂದು ಆಗಲೇಬೇಕಲ್ಲ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅಣ್ಣ ಹುಮನಾಬಾದಿನ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದ. ಅಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ರೆಕಾರ್ಡಿಂಗ್ ಅಂಗಡಿ. ಅದರ ಮಾಲೀಕನಿಗೆ ಎಲ್ಲರೂ ಮಾಮು ಅನ್ನುತ್ತಿದ್ದರು. ಮಾಮುನ ಹೆಂಡತಿಯ ತಮ್ಮ ದುಬೈಯಲ್ಲಿದ್ದ, ರಜೆಗೆ ಬಂದಾಗಲೊಮ್ಮೆ ಒಂದು ಚೀಲ ಕ್ಯಾಸೆಟ್ಟು ತರುತ್ತಿದ್ದ. ಅಣ್ಣನೂ ಅವನ ಗೆಳೆಯನೂ ಆ ಅಂಗಡಿಯ ಬೆಂಚಿನ ಮೇಲೆ ಕೂತು ಯಾವ ಆಲ್ಬಮ್ಮು ದೊಡ್ಡದು, ಯಾವುದು ಸಣ್ಣದು ಅಂತ ವಾದ ಮಾಡುತ್ತಿದ್ದರು. ಗೆಳೆಯನದು ಹೈವೇ ಪಕ್ಕದಲ್ಲಿ ಟೈರು ಪಂಕ್ಚರ್ ಅಂಗಡಿ. ಅವರಿಬ್ಬರೂ ಹೊಸ ಹಾಡು ಮುಟ್ಟುತ್ತಿರಲಿಲ್ಲ, ಹಳೆಯ ಕ್ಲಾಸಿಕ್ಕೇ ಬೇಕು. ಅದೇನೂ ಕಷ್ಟವಿರಲಿಲ್ಲ ಬಿಡಿ. ಅಮೇರಿಕದಲ್ಲಿ ಹೊಸದಾಗಿ ಬಂದದ್ದು ದುಬೈಗೆ ಹೋಗಿ, ಅಲ್ಲಿ ಯಾರದೋ ಕಪಾಟಿನಲ್ಲಿ ಕೂತು, ಹುಮನಾಬಾದಿಗೆ ಬರುವಷ್ಟರಲ್ಲಿ ತಾನಾಗಿಯೇ ಕ್ಲಾಸಿಕ್ ಆಗಿರುತ್ತಿತ್ತು.

ಕೇಳಲು ಟೇಪ್ ರೆಕಾರ್ಡರ್ ಬೇಕು. ಅದು ಮನೆಯಲ್ಲಿ ಒಂದೇ, ಮುತ್ಯಾನದು. ಮುತ್ಯಾ ಅಂದರೆ ನಮ್ಮ ಅಪ್ಪನ ಅಪ್ಪ. ಮೇಳದ ಭಜನೆ ತುಂಬಿಸಲು ಕೊಂಡದ್ದು. ಅಣ್ಣ ಕೇಳಿದಾಗ ಕೊಟ್ಟ, ಒಂದು ಕರಾರಿನ ಮೇಲೆ. ಈ ಪೆಟ್ಟಿಗೆಯ ಬಾಯಿಂದ ಒಂದು ಹೊಲಸು ಮಾತು ಬಂದ ದಿನ ಟೇಪೂ ಇಲ್ಲ, ಕ್ಯಾಸೆಟ್ಟೂ ಇಲ್ಲ, ಎಲ್ಲ ಗುಜರಿ ಗಾಡಿಗೆ. ಸುಮ್ಮನೆ ಹೆದರಿಸುವ ಮನುಷ್ಯನಲ್ಲ ಅವನು. ನಮ್ಮ ಕಾಕಾನ ಟ್ರಾನ್ಸಿಸ್ಟರು ಹಾಗೆಯೇ ಹೋಗಿತ್ತು.

ಅಣ್ಣ ಕೂಡಲೇ ಒಪ್ಪಿದ. ಮನೆಯಲ್ಲಿ ಇಂಗ್ಲಿಷ್ ಮೀಡಿಯಂ ಓದಿದವಳು ನಾನೊಬ್ಬಳೇ. ಆ ಹಾಡುಗಳಲ್ಲಿ ಏನಿದೆ ಅಂತ ಗೊತ್ತಿದ್ದವಳೂ ನಾನೊಬ್ಬಳೇ. ನಾಲ್ಕು ಜನರ ಮುಂದೆ ನಾನು ಬಾಯಿ ಬಿಡುವುದಿಲ್ಲ ಅನ್ನುವುದೇ ಅಣ್ಣನ ಧೈರ್ಯ.

೧. ಕೆಟ್ಟ ಮಾಲು

ಮಾಮು ಒಳ್ಳೆಯ ಕಾರೀಗರ. ಸುಕ್ಕಾದ ಟೇಪು ನೇರ ಮಾಡುವುದು, ತುಂಡಾದದ್ದು ಅಂಟಿಸುವುದು, ಎಲ್ಲಾ ಬರುತ್ತಿತ್ತು. ಒಂದಿನ ಅಣ್ಣ ದುಬೈಯಿಂದ ಬಂದ ಅಸಲಿ ಆಲ್ಬಮ್ಮೊಂದನ್ನು ಅವನ ಕೈಗೆ ಕೊಟ್ಟು, ಟೈರಿನವನಿಗೊಂದು ಕಾಪಿ ಮಾಡಿಕೊಡಲು ಹೇಳಿ ಬಂದ.

ಈ ಹಾಡುಗಳಲ್ಲಿ ತಿರುಗುವ ರೆಕಾರ್ಡ್ ತಟ್ಟೆಯನ್ನು ಕೈಯಿಂದ ಹಿಂದೆ ಮುಂದೆ ಎಳೆದು ಕಿರ್ ಕಿರ್ ಅನ್ನಿಸುವವನೊಬ್ಬ ಇರುತ್ತಾನೆ. ಅದೇ ಒಂದು ದೊಡ್ಡ ವಿದ್ಯೆ. ಆ ಆಲ್ಬಮ್ಮು ಹೆಸರಾದದ್ದೇ ಅದಕ್ಕೆ. ಮಾಮುಗೆ ಇದು ಯಾರೂ ಹೇಳಿರಲಿಲ್ಲ.

ಮೂರನೆಯ ದಿನ ಅಣ್ಣ ಹೋದರೆ ಮಾಮು ಕಣ್ಣು ಕೆಂಪು ಮಾಡಿಕೊಂಡು ಕೂತಿದ್ದ. "ಇದನ್ನ ಯಾವ ಕೆಟ್ಟ ಮಷೀನಿನ್ಯಾಗ ಹಾಕಿದ್ರಿ? ಎಲ್ಲಿ ನೋಡಿದ್ರ ಅಲ್ಲಿ ಕಿರ್ ಕಿರ್ ಅಂತದ. ಎರಡ ದಿನ ಕುಂತು ಒಂದೊಂದ ಜಾಗಾ ಹುಡುಕಿ ತೆಗದೀನಿ. ಅಬ್ ಬಿಲ್ಕುಲ್ ಸಾಫ್."

ಬ್ಲೇಡಿನಿಂದ ಕತ್ತರಿಸಿ ತೆಗೆದಿದ್ದ, ಅಸಲಿಯನ್ನೇ. ಟೇಪಿನ ಒಂದು ಮಗ್ಗುಲು ಕತ್ತರಿಸಿದರೆ ಇನ್ನೊಂದು ಮಗ್ಗುಲಿನ ಹಾಡಿಗೂ ಅಲ್ಲೇ ಕತ್ತರಿ ಬೀಳುತ್ತದೆ. ಹೀಗಾಗಿ ಎ ಸೈಡಿನಲ್ಲಿ ವಿದ್ಯೆ ಹೋಗಿತ್ತು, ಬಿ ಸೈಡಿನಲ್ಲಿ ಹಾಡುವವನು ಊಟಕ್ಕೆ ಕೂತ ಅಂದವನು ಮರುಗಳಿಗೆ ಜೈಲಿನಲ್ಲಿರುತ್ತಿದ್ದ. ಅಣ್ಣನಿಗೆ ಅಳು ಬಂತಂತೆ. ಆದರೆ ಮಾಮು ಚಹಾ ತರಿಸಿ, ಈ ಕೆಲಸಕ್ಕೆ ಒಂದು ಪೈಸೆ ಬೇಡ, ದೋಸ್ತಿಯ ಮೇಲೆ ಮಾಡಿದ್ದು ಅಂದ ಮೇಲೆ ಏನು ಹೇಳುವುದು? ಮೇಲಾಗಿ ಕತ್ತರಿಸಿದ ಚೂರುಗಳನ್ನು ಕಾಗದದಲ್ಲಿ ಪುಡಿಕೆ ಕಟ್ಟಿ, ಬೇಕಿದ್ದರೆ ಇಟ್ಟುಕೊಳ್ಳಿ, ಕೆಟ್ಟ ಮಾಲು ಅಂತ ಕೈಗಿಟ್ಟ.

ಅಣ್ಣ ಬಿಡುವವನಲ್ಲ. ಮೂರು ವಾರ ಮಾಳಿಗೆಯ ಮೇಲೆ ಕೂತು ಆ ಚೂರುಗಳನ್ನೆಲ್ಲ ಒಂದೊಂದಾಗಿ ತಿರುಗಿ ಅಂಟಿಸಿದ. ಯಾವ ಚೂರು ಎಲ್ಲಿಯದು ಅಂತ ದೇವರಿಗೇ ಗೊತ್ತು. ಕೆಲವು ಉಲ್ಟಾ ಅಂಟಿದವು. ಕೊನೆಗೆ ಟೈರಿನವನಿಗೆ ಕೇಳಿಸಿದ. ಅವನು ಕಣ್ಣು ಮುಚ್ಚಿ ಎರಡೂ ಮಗ್ಗುಲು ಪೂರ್ತಿ ಕೇಳಿದ. ಆಮೇಲೆ ನಿಧಾನವಾಗಿ, ತಾನು ಇಲ್ಲಿತನಕ ಕೇಳಿದ್ದರಲ್ಲೇ ಇದು ಎಲ್ಲಕ್ಕಿಂತ ಮೇಲಿನದು, ಈ ಮನುಷ್ಯನ ಕೈ ಈ ಆಲ್ಬಮ್ಮಿನಲ್ಲಿ ಪಳಗಿದಷ್ಟು ಮತ್ಯಾವುದರಲ್ಲೂ ಪಳಗಿಲ್ಲ ಅಂದ.

೨. ಡ್ಯಾಶ್

ಇಬ್ಬರಿಗೂ ಹಾಡಿನ ಮಾತು ಬೇಕಾಗಿತ್ತು. ಅರ್ಥ ಬೇಕಿಲ್ಲ, ಮಾತು ಬೇಕು, ಜೊತೆಗೆ ಹಾಡಲು. ಆ ಕೆಲಸ ನನಗೆ ಬಂತು. ಮಧ್ಯಾಹ್ನ ಮುತ್ಯಾ ಮಲಗಿದ ಮೇಲೆ ಟೇಪಿಗೆ ಕಿವಿ ಹಚ್ಚಿ, ಒಂದು ಸಾಲು ಕೇಳಿ, ನಿಲ್ಲಿಸಿ, ಹಿಂದಕ್ಕೆ ಹೊರಳಿಸಿ ಮತ್ತೆ ಕೇಳಿ ಉದ್ದ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಸಿಸ್ಟರುಗಳ ಶಾಲೆಯಲ್ಲಿ ಓದಿದವಳು. ಬರೆಯಬಾರದ ಮಾತು ಬಂದಲ್ಲಿ ಸ್ಕೇಲು ಹಿಡಿದು ನೀಟಾಗಿ ಒಂದು ಗೆರೆ ಎಳೆಯುತ್ತಿದ್ದೆ. ಕೆಲವು ಪುಟ ರೈಲ್ವೆ ಹಳಿಯ ಹಾಗೆ ಕಾಣುತ್ತಿದ್ದವು.

ನೋಟ್‌ಬುಕ್ಕು ಅಣ್ಣನ ಚೀಲದಲ್ಲಿ ಹುಮನಾಬಾದಿಗೆ ಹೋಗುತ್ತಿತ್ತು, ಅಲ್ಲಿಂದ ಚೀಟಿ ಬರುತ್ತಿತ್ತು. ಟೈರಿನವನನ್ನು ನಾನು ನೋಡಿರಲಿಲ್ಲ, ಅವನ ಚೀಟಿಗಳನ್ನು ಮಾತ್ರ ಬಲ್ಲೆ. ಒಮ್ಮೆ ಹೀಗೆ ಬರೆದಿದ್ದ: "ಸಹೋದರಿಯವರಿಗೆ ನಮಸ್ಕಾರ. ಎರಡನೇ ಹಾಡಿನ ಮೂರನೇ ನುಡಿಯಾಗ ಒಂದು ಡ್ಯಾಶ್ ಕಮ್ಮಿ ಬಿದ್ದದ. ತಾಳ ತಪ್ಪಾಕತ್ತದ. ದಯವಿಟ್ಟು ಎಣಿಸಿ ನೋಡ್ರಿ." ನೋಡಿದೆ. ಕಮ್ಮಿ ಬಿದ್ದದ್ದು ಖರೇ. ತಲೆ ತಗ್ಗಿಸಿ ಒಂದು ಗೆರೆ ಸೇರಿಸಿ ಕಳಿಸಿದೆ.

ಅವರು ಆ ಗೆರೆಯನ್ನೂ ಬಾಯಿಪಾಠ ಮಾಡಿದ್ದರು ಅಂತ ನನಗೆ ಗೊತ್ತಾದದ್ದು ಕಾಲೇಜಿನ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ, ಆದ ಮೇಲೆ. ಅಣ್ಣ ಮತ್ತು ಟೈರಿನವ ಸ್ಟೇಜಿನ ಮೇಲೆ ನಿಂತು, ಕೈ ಬೀಸುತ್ತ, ಉಸಿರು ಬಿಡದೆ ಇಡೀ ಹಾಡು ಹೇಳಿದರಂತೆ. ಗೆರೆ ಬಂದಲ್ಲೆಲ್ಲ ಇಬ್ಬರೂ ಸೇರಿ ಜೋರಾಗಿ "ಡ್ಯಾಶ್" ಅನ್ನುವುದು. ಒಂದು ಕಡೆ ಡ್ಯಾಶ್ ಡ್ಯಾಶ್ ಡ್ಯಾಶ್ ಅಂತ ನಾಲ್ಕು ಸಾಲು ಅದೇ ಇತ್ತಂತೆ, ಅಲ್ಲಿ ಸಭೆಯೂ ಕೂಡಿ ಹೇಳಿತಂತೆ. ಪ್ರಿನ್ಸಿಪಾಲರು ಕೊನೆಗೆ ಎದ್ದು ನಿಂತು, ಪಾಠ ಹೇಳುವ ಮಾಸ್ತರರೇ ವಿರಾಮಚಿಹ್ನೆ ನುಂಗಿ ಓದುವ ಈ ಕಾಲದಲ್ಲಿ ಈ ಹುಡುಗರು ಒಂದನ್ನೂ ಬಿಡದೆ ಓದಿದ್ದಾರೆ ಅಂತ ಹೊಗಳಿ, ಇಂಗ್ಲಿಷ್ ಪದ್ಯವಾಚನದ ಮೊದಲ ಬಹುಮಾನ ಕೊಟ್ಟರು.

೩. ಒಂದು ಕಡೆಯ ಮಾತು

ಇಷ್ಟು ದಿನ ಮುತ್ಯಾ ಈ ಹಾಡುಗಳನ್ನು ದೂರದಿಂದ ಕೇಳಿಸಿಕೊಂಡು ಸುಮ್ಮನಿದ್ದ. ಒಂದು ಸಂಜೆ ಅಣ್ಣ ತನ್ನ ಪ್ರಾಣದಂಥ ಆಲ್ಬಮ್ಮೊಂದನ್ನು ಹಾಕಿದ್ದ. ಅದರಲ್ಲಿ ಒಬ್ಬ ಹಾಡುಗಾರ ಎದುರಾಳಿ ಹಾಡುಗಾರನ ಹೆಸರು ಹಿಡಿದು ಐದು ನಿಮಿಷ ಚಚ್ಚುತ್ತಾನೆ. ಮುತ್ಯಾ ಒಳಗಿನಿಂದ ಎದ್ದು ಬಂದು ಟೇಪಿನ ಮುಂದೆ ಕೂತ. ಕಿವಿ ಓರೆ ಮಾಡಿದ. ಆಮೇಲೆ ನನ್ನನ್ನು ಕರೆದು, ಇವ ಯಾರೋ ಎದುರು ಕೂತವನಿಗೆ ಹೇಳಿದ ಹಾಗಿದೆ, ಹೌದೇ ಅಂತ ಕೇಳಿದ.

ಕನ್ನಡದ ಒಂದು ಮಾತೂ ಇಲ್ಲದ ಹಾಡು. ಆದರೂ ಅವನ ಕಿವಿಗೆ ಸಿಕ್ಕಿತು. ಯಾಕೆಂದರೆ ನಮ್ಮ ಕಡೆ ಸವಾಲ್-ಜವಾಬ್ ಭಜನೆ ಅಂತ ಇದೆ. ಎರಡು ಮೇಳ ಎದುರಾಬದುರು ಕೂಡುತ್ತವೆ. ಒಂದು ಮೇಳ ಹಾಡಿನಲ್ಲೇ ಸವಾಲು ಹಾಕುತ್ತದೆ, ಚುಚ್ಚುತ್ತದೆ, ಕೆಣಕುತ್ತದೆ. ಇನ್ನೊಂದು ಹಾಡಿನಲ್ಲೇ ಜವಾಬು ಕೊಡಬೇಕು. ನಡುವೆ ಪಂಚ ಕೂತು ತೀರ್ಪು ಹೇಳುತ್ತಾನೆ. ಸುತ್ತಲಿನ ಹಳ್ಳಿಗೆಲ್ಲ ಮುತ್ಯಾನೇ ಪಂಚ.

ಏನು ಹೇಳಾಕತ್ತಾನ ಅಂತ ಕೇಳಿದ. ಅಣ್ಣ ನನ್ನ ಮುಖ ನೋಡಿದ. ಟ್ರಂಕಿನಲ್ಲಿ ನಲವತ್ತೆರಡು ಕ್ಯಾಸೆಟ್ಟುಗಳಿದ್ದವು. ಆ ಹಾಡುಗಾರ ಎದುರಾಳಿಯ ಅವ್ವ, ಅಕ್ಕ, ಹೆಂಡತಿ ಯಾರನ್ನೂ ಬಿಟ್ಟಿರಲಿಲ್ಲ. ನಾನು ನೆಲ ನೋಡುತ್ತ, "ನಿಮ್ಮ ಮನಿ ಹೆಣ್ಣಮಕ್ಕಳೆಲ್ಲ ಆರಾಮ ಹಾರೇನು ಅಂತ ಕೇಳಾಕತ್ತಾನ ಮುತ್ಯಾ" ಅಂದೆ.

ಮುತ್ಯಾ ತಲೆದೂಗಿದ. ಒಳ್ಳೆ ಮನೆತನದವನು ಅಂದ. ಆದರೆ ಅದಕ್ಕೆ ಇಷ್ಟು ಚೀರುವುದು ಯಾಕೆ? ಇವನದು ದೇಶದ ಈ ದಂಡೆ, ಅವನದು ಆ ದಂಡೆ, ಭಾಳ ದೂರ ಅಂದೆ. ಅದೊಂದು ಮಾತು ಖರೇ ಇತ್ತು. ಸವಾಲು ಏನು ಅಂತ ಕೇಳಿದ. ನಿನಗೆ ಈ ವಿದ್ಯೆ ಕಲಿಸಿದ ಗುರು ಯಾರು ಅಂತ ಕೇಳುತ್ತಿದ್ದಾನೆ ಅಂದೆ. ಅದಂತೂ ಪೂರಾ ನನ್ನ ಸೃಷ್ಟಿ.

ಮುತ್ಯಾನ ಮುಖ ಬೆಳಗಿತು. "ಖರೇ ಸವಾಲ್ ಹಾಕ್ಯಾನ. ಇನ್ನ ಅವನ ಜವಾಬ್ ಹಚ್ಚು, ಕೇಳೋಣ."

ಜವಾಬು ನಮ್ಮ ಹತ್ತಿರ ಇಲ್ಲ, ಅದು ಬೇರೆ ಆಲ್ಬಮ್ಮು ಅಂತ ಅಣ್ಣ ತೊದಲಿದ. ಮುತ್ಯಾ ಟೇಪಿನಿಂದ ಕ್ಯಾಸೆಟ್ಟು ತೆಗೆದ. ಒಬ್ಬನ ಮಾತು ಕೇಳಿ ಇನ್ನೊಬ್ಬನ ಮಾತು ಕೇಳದಿರುವುದು ಈ ಮನೆಯಲ್ಲಿ ಆಗುವುದಿಲ್ಲ, ಜವಾಬು ಬಂದ ದಿನ ಎರಡೂ ಕೂಡಿಸಿ ಕೇಳೋಣ, ತೀರ್ಪು ಆಗುವ ತನಕ ಇದು ಜಪ್ತಿ ಅಂದ. ಭಜನೆ ಪುಸ್ತಕದ ಪೆಟ್ಟಿಗೆಯಲ್ಲಿಟ್ಟು ಕೀಲಿ ಜಡಿದು, ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡ. ಅಣ್ಣ ಆ ರಾತ್ರಿ ಉಣ್ಣಲಿಲ್ಲ. ಬೈಗುಳ ಕೇಳಿ ಕ್ಯಾಸೆಟ್ಟು ಹೋದೀತು ಅಂತ ಹೆದರಿದ್ದೆವು. ಅದು ಹೋದದ್ದು ಅತಿ ವಿನಯದಿಂದ.

೪. ಕೊನೆಯ ನಟ್ಟು

ಜವಾಬು ಹುಡುಕಿಯೇ ತೀರಬೇಕು ಅಂತ ನಿರ್ಧಾರವಾಯಿತು. ಟೈರಿನವ ಇದನ್ನು ಎಲ್ಲರಿಗಿಂತ ಹೆಚ್ಚು ಹಚ್ಚಿಕೊಂಡ. ಯಾಕೆಂದರೆ ಅವನು ಮೊದಲಿನಿಂದಲೂ ಜವಾಬು ಕೊಟ್ಟವನ ಕಡೆಯವನು. ಆ ಆಲ್ಬಮ್ಮನ್ನು ಒಮ್ಮೆ ಮಾತ್ರ ಎಲ್ಲೋ ಅರ್ಧ ಕೇಳಿದ್ದ, ಆದರೆ ಗೆದ್ದವನು ಅವನೇ ಅಂತ ಬೆಂಚಿನ ಮೇಲೆ ಕೂತು ಪ್ರಮಾಣ ಮಾಡುತ್ತಿದ್ದ.

ಅವನ ಅಂಗಡಿಯ ಮುಂದೆ ಮುಂಬೈಗೂ ಹೈದರಾಬಾದಿಗೂ ಹೋಗುವ ಲಾರಿಗಳು ನಿಲ್ಲುತ್ತಿದ್ದವು. ಪಂಕ್ಚರ್ ತೆಗೆದು, ಗಾಲಿ ಏರಿಸಿ, ನಟ್ಟುಗಳನ್ನೆಲ್ಲ ಬಿಗಿದು, ಕೊನೆಯದೊಂದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಡ್ರೈವರನಿಗೆ ಹೇಳುತ್ತಿದ್ದನಂತೆ: ಅಮೇರಿಕದಾಗ ಇಬ್ಬರು ಹಾರ, ಒಬ್ಬನಿಗೊಬ್ಬ ಆಗಂಗಿಲ್ಲ, ಅದರಾಗ ಎರಡನೆಯವಂದು ನಮಗ ಬೇಕು. ಕಥೆ ಪೂರ್ತಿ ಕೇಳಿ, ತರುತ್ತೇನೆ ಅಂತ ಮಾತು ಕೊಟ್ಟ ಮೇಲೆಯೇ ಕೊನೆಯ ನಟ್ಟು. ಎಷ್ಟೋ ಡ್ರೈವರುಗಳು ಜಹೀರಾಬಾದಿನಲ್ಲೇ ಗಾಲಿ ತೋರಿಸಿಕೊಂಡು, ಹುಮನಾಬಾದನ್ನು ನಿಲ್ಲದೆ ದಾಟತೊಡಗಿದರು.

ಒಬ್ಬ ಮಾತ್ರ ಮಾತು ಉಳಿಸಿಕೊಂಡ. ಎರಡು ತಿಂಗಳ ಮೇಲೆ ಮುಂಬೈಯಿಂದ ಬರುತ್ತ ಕಾಗದದಲ್ಲಿ ಸುತ್ತಿದ ಕ್ಯಾಸೆಟ್ಟು ತಂದ. ಟೈರಿನವ ಬಿಚ್ಚಿದರೆ ಆಲ್ಬಮ್ಮಿನ ಕ್ಯಾಸೆಟ್ಟಿಗಿಂತ ನಾಲ್ಕು ಪಟ್ಟು ದೊಡ್ಡದು, ವಿಡಿಯೋದ್ದು. ಬಾಡಿಗೆಗೆ ಮಷೀನು ತಂದು ಹಚ್ಚಿ ನೋಡಿದರು. ಅಮೇರಿಕದವರು ಇಬ್ಬರು, ಒಬ್ಬನಿಗೊಬ್ಬ ಆಗುವುದಿಲ್ಲ, ಎಲ್ಲಾ ಹೇಳಿದ ಹಾಗೆಯೇ ಇತ್ತು. ಚಡ್ಡಿ ಹಾಕಿಕೊಂಡು ಕುಸ್ತಿ ಹಿಡಿಯುತ್ತಿದ್ದರು. ಡ್ರೈವರನನ್ನು ಬೈಯಲೂ ಬರುವ ಹಾಗಿರಲಿಲ್ಲ. ಅವನು ಜೊತೆಗೇ ಕೂತು, ಇದರಲ್ಲಿ ಎರಡನೆಯವನೇ ಗೆಲ್ಲುತ್ತಾನೆ, ನಾನು ಖಾತ್ರಿ ಮಾಡಿಕೊಂಡೇ ತಂದೀನಿ ಅಂತ ಹೇಳುತ್ತಿದ್ದ.

೫. ಬೆಂಚಿನ ಮೇಲೆ

ಹೀಗೆ ಒಂದು ವರ್ಷ ಹೋಯಿತು. ಮುತ್ಯಾ ವಾರಕ್ಕೊಮ್ಮೆ ಜವಾಬು ಬಂತೇನು ಅಂತ ಕೇಳುವನು. ಬಂದಿಲ್ಲ ಅಂದರೆ, ಪಾಪ ಆ ಹುಡುಗ ಮನೆಮಂದಿಯ ಯೋಗಕ್ಷೇಮ ಕೇಳಿ ವರ್ಷ ಆಯ್ತು, ಇವ ಒಂದು ಮಾತಾಡವಲ್ಲ ಅಂತ ನೊಂದುಕೊಳ್ಳುವನು. ಜಪ್ತಿಗೆ ಕಾರಣ ನನ್ನ ಸುಳ್ಳು. ಕೊನೆಗೆ ನಾನೇ ಹೋಗುವುದು ಅಂತ ಗಟ್ಟಿ ಮಾಡಿದೆ. ಮಾಮುನ ಅಂಗಡಿಗೆ ಹೋಗಿ, ಬಾಯಿಬಿಟ್ಟು, ನನಗೆ ಇಂಥ ಆಲ್ಬಮ್ಮು ಬೇಕು ಅಂತ ಹೇಳುವುದು. ಬಸ್ಸಿನಲ್ಲಿ ಆ ಒಂದು ವಾಕ್ಯವನ್ನು ಹುಮನಾಬಾದು ಬರುವ ತನಕ ಮನಸ್ಸಿನಲ್ಲಿ ತಿರುವಿ ಹಾಕಿದೆ.

ಅಂಗಡಿಯ ಹತ್ತಿರ ಹೋಗುವಾಗ ನೆಲ ನಡುಗುವಂತೆ ಹಿಪ್ ಹಾಪ್ ಬಡಿಯುತ್ತಿತ್ತು. ಬೆಂಚಿನ ಮೇಲೆ ಐದಾರು ಜನ ಕುತ್ತಿಗೆ ಕುಣಿಸುತ್ತಿದ್ದರು. ನಾನು ಮೆಟ್ಟಿಲ ಮೇಲೆ ಕಾಲಿಟ್ಟದ್ದೇ ಅಣ್ಣ ಮಾಮುನ ಕಿವಿಯಲ್ಲಿ ನಮ್ಮ ತಂಗಿ ಅಂದ. ಮಾಮು ಟಪ್ಪನೆ ಹಾಡು ನಿಲ್ಲಿಸಿ ವಚನದ ಕ್ಯಾಸೆಟ್ಟು ಹಾಕಿದ. ಬೆಂಚು ಖಾಲಿಯಾಯಿತು. ಐದಾರು ಜನರೂ ಗೋಡೆಗೆ ಸಾಲಾಗಿ ನಿಂತು ಕೈಕಟ್ಟಿಕೊಂಡು ತಲೆ ತಗ್ಗಿಸಿದರು. ಬಾಯಾರೇ ಬರ್ರಿ, ಕೂಡ್ರಿ ಅಂತ ಮಾಮು ಬೆಂಚು ಒರೆಸಿದ. ಇಂಥ ಮರ್ಯಾದೆಯ ಎದುರು ಬಯ್ಗುಳದ ಆಲ್ಬಮ್ಮು ಬೇಕು ಅಂತ ಹ್ಯಾಂಗೆ ಕೇಳುವುದು? ವಾಕ್ಯ ಮರೆತುಹೋಯಿತು. ಎದುರಿಗೆ ಕೂತುಕೊಂಡೇ ಚೀಟಿ ಬರೆದು ಮಾಮುನ ಕೈಗೆ ಕೊಟ್ಟೆ: ಹಾಡುಗಾರನ ಹೆಸರು, ಆಲ್ಬಮ್ಮಿನ ಹೆಸರು, ಮೇಲಿನ ಚಿತ್ರ ಹೇಗಿದೆ, ಎಲ್ಲಾ.

ಮಾಮು ಅಕ್ಷರ ಕೂಡಿಸಿ ಓದಿ ತಲೆಯೆತ್ತಿದ. "ಇವನಿಗಿ ಹೆಸರ ಅದ ಏನು?"

ಆಗ ತಿಳಿಯಿತು. ಜವಾಬಿನ ಕ್ಯಾಸೆಟ್ಟಿಗಾಗಿ ಒಂದು ವರ್ಷ ಮಾಮುನ ಕೈಯಿಂದ ದುಬೈಗೆ ಬರೆಸಿದ ಒಂದು ಪತ್ರದಲ್ಲೂ ಯಾರೂ ಹೆಸರು ಬರೆದಿರಲಿಲ್ಲ. ಅವನ ಎದುರಿನವಂದು, ಆ ಇನ್ನೊಬ್ಬಂದು ಅಂತಲೇ ಬರೆಸಿದ್ದರು. ಅಣ್ಣನನ್ನು ಕೇಳಿದರೆ ಅವನಿಗೆ ಸಿಟ್ಟು. ಇಂಥವರ ಹೆಸರನ್ನು ಬಿಡಿಸಿ ಹೇಳುವುದು ಅಂದರೆ ಅವರಿಗೂ ಅವಮಾನ, ಕೇಳುವವನಿಗೂ ಅವಮಾನ, ಖರೇ ಅಭಿಮಾನಿಗೆ ಅಷ್ಟು ಹೇಳಿದರೆ ಗೊತ್ತಾಗಬೇಕು ಅಂದ. ದುಬೈಯಲ್ಲಿದ್ದವನು ಖರೇ ಅಭಿಮಾನಿ ಅಲ್ಲ, ಹೋಟೆಲ್ಲಿನಲ್ಲಿ ರೊಟ್ಟಿ ಸುಡುವವನು ಅಂತ ಮಾಮು ಸಮಾಧಾನವಾಗಿ ಹೇಳಿದ.

ನಾಲ್ಕು ತಿಂಗಳಿಗೆ ಆಲ್ಬಮ್ಮು ಬಂತು.

೬. ಜ್ವಾಳದ ಕಾಳು

ಮುತ್ಯಾ ಇದನ್ನು ಮನೆಯೊಳಗಿನ ಕೆಲಸ ಅಂತ ಮುಗಿಸುತ್ತಾನೆ ಅಂದುಕೊಂಡಿದ್ದೆವು. ಅವನು ಮೋರಖಂಡಿ, ಘಾಟಬೋರಾಳ ಎರಡೂ ಊರಿನ ಮೇಳಗಳಿಗೆ ಹೇಳಿಕಳಿಸಿದ. ಸವಾಲ್-ಜವಾಬಿನಲ್ಲಿ ಎರಡೂ ಕಡೆಗೆ ಒಬ್ಬೊಬ್ಬ ಹಿರಿಯ ಕೂಡಬೇಕು, ಇಲ್ಲದಿದ್ದರೆ ತೀರ್ಪು ನಿಲ್ಲುವುದಿಲ್ಲ. ಅಮೇರಿಕದಿಂದ ಯಾರೂ ಬರುವ ಹಾಗಿರಲಿಲ್ಲ. ಹೀಗಾಗಿ ಸವಾಲಿನವನ ಕಡೆ ಮೋರಖಂಡಿಯ ಹಿರಿಯರು, ಜವಾಬಿನವನ ಕಡೆ ಘಾಟಬೋರಾಳದ ಹಿರಿಯರು.

ರವಿವಾರ ಊಟ ಮುಗಿದ ಮೇಲೆ ಪಡಸಾಲೆಯಲ್ಲಿ ಜಮಖಾನೆ ಹಾಸಿದರು. ನಡುವೆ ಟೇಪು, ಆ ಕಡೆ ಒಬ್ಬರು, ಈ ಕಡೆ ಒಬ್ಬರು, ಎದುರಿಗೆ ಮುತ್ಯಾ. ಗೋಡೆಗೆ ಅಣ್ಣ, ಅವನ ಪಕ್ಕ ಟೈರಿನವ. ಅಗಲ ಹೆಗಲಿನ ಆಳು, ಸಹೋದರಿಯವರಿಗೆ ನಮಸ್ಕಾರ ಅಂತ ಬರೆಯುವವನು ಇವನೇ ಅಂತ ನಂಬಲು ನನಗೆ ಒಂದು ಗಳಿಗೆ ಬೇಕಾಯಿತು. ಅವರ ಬೆನ್ನ ಹಿಂದೆಯೇ ಕ್ಯಾಸೆಟ್ಟಿನ ಟ್ರಂಕು. ಟೇಪಿನ ಗುಂಡಿ ಒತ್ತಲು, ಅರ್ಥ ಹೇಳಲು ನಾನು.

ಮುತ್ಯಾ ಉಡದಾರದ ಕೀಲಿ ತೆಗೆದು ಜಪ್ತಿಯಾದ ಕ್ಯಾಸೆಟ್ಟನ್ನು ಹೊರಗೆ ತಂದ. ಮೊದಲು ಸವಾಲು ಹಚ್ಚಿದೆ. ಮನೆಯ ಹೆಣ್ಣುಮಕ್ಕಳ ಯೋಗಕ್ಷೇಮ, ಗುರು ಯಾರು, ಎಲ್ಲಾ ಹಿಂದೆ ಹೇಳಿದಂತೆಯೇ ಹೇಳಿದೆ. ಮೋರಖಂಡಿಯ ಹಿರಿಯರು ತಮ್ಮ ಕಡೆಯವನ ಸಂಸ್ಕಾರಕ್ಕೆ ಹಿಗ್ಗಿ ಮೀಸೆ ತಿದ್ದಿಕೊಂಡರು. ಇನ್ನು ಇಂಥ ಮಾತಿಗೆ ಏನು ಜವಾಬು ಕೊಡ್ತೀರಿ ಕೊಡ್ರಿ ಅಂತ ಎದುರಿನವರನ್ನು ಕೆಣಕಿದರು. ಘಾಟಬೋರಾಳದವರು ಹೆಗಲ ಚೀಲದಿಂದ ಒಂದು ತಟ್ಟೆ, ಒಂದು ಹಿಡಿ ಜ್ವಾಳ ತೆಗೆದು ಮುಂದಿಟ್ಟುಕೊಂಡರು. ಹಾಡಿನಲ್ಲಿ ಯಾವ ಮಾತು ತಿರುತಿರುಗಿ ಬರುತ್ತದೋ ಅದಕ್ಕೊಂದೊಂದು ಕಾಳು ಹಾಕುವುದು ಅವರ ಮೇಳದ ಪದ್ಧತಿ. ಹಾಡಿನ ಕೀಲು ಅಲ್ಲೇ ಇರುತ್ತದೆ ಅನ್ನುವುದು ಅವರ ನಂಬಿಕೆ.

ಜವಾಬು ಶುರುವಾಯಿತು. ಅಬ್ಬ, ಏನು ಜವಾಬು ಅದು. ಸವಾಲಿನವನ ಒಂದೊಂದು ಮಾತನ್ನೂ ಹಿಡಿದು, ಹೊರಳಿಸಿ, ಅವನ ತಲೆಯ ಮೇಲೇ ಹೊಡೆಯುತ್ತಿದ್ದ. ಟೈರಿನವ ಒಂದು ವರ್ಷ ನಟ್ಟು ಹಿಡಿದು ಹೇಳಿದ್ದು ಖರೇ ಇತ್ತು. ಗೆದ್ದವನು ಇವನೇ. ನನಗೆ ಮೈ ಜುಮ್ಮೆಂದಿತು. ಆದರೆ ಅರ್ಥ ಹೇಳಲು ಟೇಪು ನಿಲ್ಲಿಸಿದರೆ ಬಾಯಿಗೆ ತರುವಂಥದು ಒಂದಿಲ್ಲ. ಗೆಳೆಯಾ, ನಾವೆಲ್ಲ ಆರಾಮ ಇದ್ದೇವೆ, ದೊಡ್ಡವರೇ, ನಿಮ್ಮ ಕಡೆ ಮಳೆ-ಬೆಳೆ ಹೇಗೆ ಅಂದೆ. ಮತ್ತೆ ಒತ್ತಿದೆ, ಮತ್ತೆ ನಿಲ್ಲಿಸಿದೆ. ನಿಮ್ಮ ತಾಯಿಯವರನ್ನು ಕೇಳಿದೆ ಅಂತ ಹೇಳ್ರಿ ಅಂದೆ. ಇನ್ನೊಮ್ಮೆ ನಿಲ್ಲಿಸಿ ಬರೀ ಕೆಮ್ಮಿದೆ. ಘಾಟಬೋರಾಳದವರ ತಟ್ಟೆಯಲ್ಲಿ ಕಾಳು ಬೀಳುತ್ತಲೇ ಇದ್ದವು, ಟಕ್ ಟಕ್ ಟಕ್.

ಹಾಡು ಮುಗಿಯಿತು. ಮೋರಖಂಡಿಯವರು ನಕ್ಕರು. ಗುರು ಯಾರು ಅಂದರೆ ಮಳೆ-ಬೆಳೆ ಹೇಗೆ ಅಂತಾನ, ಇದ್ಯಾತರ ಜವಾಬು, ನಮ್ಮವ ಗೆದ್ದ ಅಂದರು. ಮುತ್ಯಾನೂ ಗಂಟಲು ಸರಿ ಮಾಡಿಕೊಂಡ. ಗೋಡೆಗೆ ಕೂತ ಟೈರಿನವ ತಡೆಯಲಾಗದೆ ಅರ್ಧ ಎದ್ದ, ಅಣ್ಣ ಅವನ ಅಂಗಿ ಹಿಡಿದು ಕೂಡಿಸಿದ. ಅವನು ನನ್ನ ಕಡೆ ನೋಡಿದ ನೋಟ ಈಗಲೂ ನೆನಪಿದೆ. ಇಂಥ ಜವಾಬು ಕೊಟ್ಟವನನ್ನು ನನ್ನ ಬಾಯಿಂದಲೇ ಸೋಲಿಸುತ್ತಿದ್ದೆ.

ಘಾಟಬೋರಾಳದವರು ಕೈಯೆತ್ತಿದರು. ತಟ್ಟೆಯನ್ನು ಮುತ್ಯಾನ ಮುಂದೆ ಸರಿಸಿದರು. ಕಾಳು ಗುಡ್ಡೆಯಾಗಿತ್ತು. "ಪಂಚರೇ, ತೀರ್ಪ ಜರಾ ತಡೀರಿ. ಒಂದೇ ಶಬ್ದ ಇಷ್ಟ ಸಲ ಅಂದಾನ. ನಮಗ ಇಂಗ್ಲಿಷ್ ಬರಂಗಿಲ್ಲ, ಕಿವಿ ಅಂತೂ ಅವ."

ಮುತ್ಯಾ ಕಾಳು ನೋಡಿದ. ಆ ಶಬ್ದ ತಾನೂ ಕೇಳಿದ್ದೆ ಅಂದ. ಆಮೇಲೆ ಬೆರಳು ಮಡಿಚುತ್ತ ನನ್ನನ್ನೇ ನೋಡಿ ಹೇಳಿದ: "ಆ ಶಬ್ದಕ್ಕ ನೀ ಮೊದಲ 'ಗೆಳೆಯಾ' ಅಂದಿ. ಆಮ್ಯಾಲ 'ದೊಡ್ಡವರೇ' ಅಂದಿ. ಆಮ್ಯಾಲ 'ಮಳಿ-ಬೆಳಿ' ಅಂದಿ. ಒಮ್ಮಿ 'ತಾಯಿಯವರು' ಅಂದಿ. ಒಮ್ಮಿ ಏನೂ ಅನ್ನದ ಕೆಮ್ಮಿದಿ."

ಆ ಭಾಷೆಯೇ ಹಾಗಿರಬಹುದು, ಒಂದೇ ಮಾತಿನಲ್ಲಿ ಸಂಸಾರ ನಡೆಸುತ್ತಾರೋ ಏನೋ ಅಂತ ಮೋರಖಂಡಿಯವರು ಗೆಲುವು ಕೈಬಿಡದೆ ಹೇಳಿದ್ದು ಕೇಳಿಸಿತು. ಹಾಗಿದ್ದರೆ ಅದೊಂದೇ ಕಲಿತರೆ ಸಾಕಿತ್ತು, ಇವಳ ಶಾಲೆಗೆ ಅಷ್ಟು ವರ್ಷ ಫೀಸು ಯಾಕೆ ಕಟ್ಟಿದೆವು ಅಂತ ಅಡುಗೆಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತ ಅವ್ವ ಅಂದಳು. ಗುಜರಿ ಗಾಡಿ ಬಾಗಿಲಿಗೇ ಬಂದು ನಿಂತಿದೆ ಅನ್ನುವಂತೆ ಅಣ್ಣ ಟ್ರಂಕಿನ ಮೇಲೆ ಕೈಯಿಟ್ಟು, ಬೇಡ ಅನ್ನುವ ಹಾಗೆ ತಲೆ ಅಲ್ಲಾಡಿಸುತ್ತಿದ್ದ. ಪಕ್ಕದಲ್ಲಿ ಟೈರಿನವ, ಹೇಳ್ರಿ ಅನ್ನುವ ಹಾಗೆ ತಲೆ ಆಡಿಸುತ್ತಿದ್ದ.

ಮುತ್ಯಾ ತಟ್ಟೆಯಿಂದ ಒಂದು ಕಾಳು ಎತ್ತಿ ನನ್ನ ಅಂಗೈಯಲ್ಲಿಟ್ಟ. ಇಬ್ಬರು ಹಿರಿಯರೂ ಮುಂದೆ ಬಾಗಿ ಕಿವಿ ಕೊಟ್ಟರು.

"ಯವ್ವಾ, ನಲವತ್ತ ವರ್ಷ ಪಂಚ ಆಗೀನಿ, ಒಂದೂ ಖೊಟ್ಟಿ ತೀರ್ಪ ಕೊಟ್ಟಿಲ್ಲ. ಇದೊಂದ ಶಬ್ದ ಎಲ್ಲಾರಿಗಿ ಕೇಳೂವಂಗ, ಇದ್ದದ್ದ ಇದ್ದಂಗ ಹೇಳಿಬಿಡವ್ವಾ."